ಹಳೆ ಬೆಂಜ್‌ನ ಎಂಜಿನ್ ವೈರಿಂಗ್ ಪುಡಿಯಾಗುತ್ತಿದೆ, ಮನೆಯಲ್ಲೇ ಬದಲಾಯಿಸಬಹುದಾ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ 1996ರ ಮರ್ಸಿಡಿಸ್ ಬೆಂಜ್ ಇ220 ಇದೆ. ಡಬ್ಲ್ಯು124 ಮಾಡೆಲ್, ಪುಣೆಯಲ್ಲಿ ಜೋಡಿಸಿದ ಗಾಡಿ. ಅಪ್ಪ ತೆಗೆದುಕೊಂಡಿದ್ದು, ಮಾರುವ ಮನಸ್ಸಿಲ್ಲ. ಕೆಲವು ತಿಂಗಳಿಂದ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಡುಗಿ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಮೆಕ್ಯಾನಿಕ್ ಬಾನೆಟ್ ತೆರೆದು ನೋಡಿದಾಗ ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಚಿಮುಕಿಸುವ ಭಾಗ) ಹತ್ತಿರ ವೈರ್‌ಗಳ ತಾಮ್ರ ಹೊರಗೆ ಕಾಣುತ್ತಿತ್ತು. ಇಲಿ ಕಡಿದಿದೆ ಅಂತ ಟೇಪ್ ಸುತ್ತಿ ಕೊಟ್ಟರು. ಎರಡು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಇನ್ನೊಬ್ಬರು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ, ಹೋಗಿದೆ ಅಂತಾರೆ. ಮತ್ತೊಬ್ಬರು ಗುಜರಿಯಿಂದ ವೈರಿಂಗ್ ಕಿಟ್ ತಂದು ಹಾಕಿ ಅಂತಾರೆ. ನನಗೆ ಸ್ಕೂಟರ್ ವೈರಿಂಗ್ ಮಾಡಿ ಅಭ್ಯಾಸವಿದೆ, ಮಲ್ಟಿಮೀಟರ್ ಹಿಡಿಯಲು ಬರುತ್ತದೆ. ಈ ಕೆಲಸ ಮನೆಯಲ್ಲಿ ಆಗುತ್ತದಾ? ಅಲ್ಲಿವರೆಗೆ ಗಾಡಿ ಓಡಿಸಬಹುದಾ?

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಇದು ಇಲಿಯ ಕೆಲಸ ಅಂತ ನನಗೆ ಅನ್ನಿಸುತ್ತಿಲ್ಲ. ಇಸಿಯು ಕೂಡ ಇನ್ನೂ ಬದುಕಿದೆ ಅಂತಲೇ ಅನ್ನಿಸುತ್ತದೆ. ಇಸಿಯು ಸತ್ತರೆ ಎರಡು ವಾರ ಸರಿಯಾಗಿ ಓಡಿ, ತಣ್ಣಗಾದಾಗ ಮತ್ತೆ ಎದ್ದು ಕೂರುವುದು ಅಪರೂಪ. ನಿಮ್ಮ ಗಾಡಿಯ ವೈರ್‌ಗಳ ಮೇಲಿನ ಇನ್ಸುಲೇಶನ್ ಆಯುಷ್ಯ ಮುಗಿದಿದೆ. ಹೀಗೇ ಓಡಿಸಿದರೆ ಮುಂದೆ ಇಸಿಯು ನಿಜವಾಗಲೂ ಹೋಗುತ್ತದೆ. ಹಾಗಾಗಿ ಈಗ ಮುಖ್ಯ ವಿಷಯ ಇಸಿಯು ಉಳಿಸಿಕೊಳ್ಳೋದು. ವೈರ್ ಮತ್ತೆ ಮಾಡಿಸಬಹುದು, ಆ ಪೆಟ್ಟಿಗೆ ಹುಡುಕೋದು ಕಷ್ಟ.

ಮೊದಲು ಇಲಿ ವಿಷಯ ಮುಗಿಸೋಣ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಂಜಿನ್ ಮೇಲಿನ ವೈರಿಂಗ್‌ನಲ್ಲಿ ಹೊರಗಿನ ಕಪ್ಪು ಕವಚ ಚೆನ್ನಾಗಿರುವ ಒಂದು ಜಾಗ ಹುಡುಕಿ. ಅಲ್ಲಿ ಒಂದಿಂಚು ಉದ್ದಕ್ಕೆ ಬ್ಲೇಡಿನಲ್ಲಿ ಕವಚವನ್ನಷ್ಟೇ ಸೀಳಿ, ಒಳಗಿನ ಬಣ್ಣದ ವೈರ್ ಒಂದನ್ನು ಮೆಲ್ಲಗೆ ಬಗ್ಗಿಸಿ. ಇನ್ಸುಲೇಶನ್ ಹಪ್ಪಳದ ಹಾಗೆ ಮುರಿದು ಉದುರಿದರೆ ಉತ್ತರ ಸಿಕ್ಕಿತು. ಕವಚ ತೂತು ಮಾಡದೆ ಒಳಗಿನ ವೈರ್ ತಿನ್ನುವ ಇಲಿ ಇಲ್ಲ, ಅಲ್ವಾ? ಇಲಿ ಕಡಿದ ವೈರ್ ಬೇರೆಯೇ ತರಹ ಇರುತ್ತದೆ. ಕಡಿದ ಜಾಗ ಒಂದೆರಡು ಕಡೆ ಮಾತ್ರ, ಅಂಚಿನಲ್ಲಿ ಹಲ್ಲಿನ ಗುರುತು, ಹತ್ತಿರದಲ್ಲೇ ಹಿಕ್ಕೆ, ಒಣಹುಲ್ಲು, ಚಿಂದಿ. ಕಡಿದ ಜಾಗದಿಂದ ಎರಡಿಂಚು ಆಚೆ ವೈರ್ ಮೆತ್ತಗೆ, ಹೊಸದರಂತೆ ಇರುತ್ತದೆ. ಸೋಯಾದಿಂದ ಮಾಡಿದ ವೈರ್ ಅಂತ ಇಲಿ ತಿನ್ನುತ್ತೆ ಅನ್ನೋ ಮಾತೂ ಓಡಾಡುತ್ತಿದೆ. ಇಲಿಯ ಮುಂದಿನ ಹಲ್ಲು ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸಲು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಸೋಯಾ ಇಲ್ಲದ ಹಳೆ ಅಂಬಾಸಿಡರ್ ವೈರನ್ನೂ ಬಿಟ್ಟಿಲ್ಲ.

ಹಾಗಾದರೆ ಇದು ಯಾಕೆ ಹೀಗಾಯಿತು? 1990ರ ದಶಕದ ಮೊದಲಿನಿಂದ ನಡುವಿನವರೆಗೆ ಬಂದ ಬಹಳಷ್ಟು ಬೆಂಜ್‌ಗಳಿಗೆ ಈ ಕಾಯಿಲೆ ಇದೆ. ನಿಮ್ಮ ಡಬ್ಲ್ಯು124 ಅಲ್ಲದೆ ಅದೇ ಕಾಲದ ಡಬ್ಲ್ಯು140 ಎಸ್ ಕ್ಲಾಸ್, ಡಬ್ಲ್ಯು202 ಸಿ ಕ್ಲಾಸ್, ಆರ್129 ಎಸ್‌ಎಲ್ ಎಲ್ಲದರಲ್ಲೂ ನೋಡಿದ್ದಾರೆ. 1980ರ ದಶಕದ ವೋಲ್ವೊಗಳಿಗೂ ಇದೇ ಕೆಟ್ಟ ಹೆಸರು. ಪರಿಸರಕ್ಕೆ ಒಳ್ಳೆಯದಾಗಲಿ, ಮಣ್ಣಲ್ಲಿ ಬೇಗ ಕರಗಲಿ ಅಂತ ಬಳಸಿದ ಇನ್ಸುಲೇಶನ್ ಇದು ಅನ್ನೋದು ಎಲ್ಲರೂ ಕೊಡುವ ವಿವರಣೆ. ರಾಸಾಯನಿಕ ಏನೇ ಇರಲಿ, ಗ್ಯಾರೇಜಿನಲ್ಲಿ ಕಾಣುವುದು ಇಷ್ಟು: ಎಂಜಿನ್ ಬಿಸಿ ತಾಗಿ ತಾಗಿ ಅದು ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಉದುರುತ್ತದೆ. ತಾಮ್ರಕ್ಕೆ ಏನೂ ಆಗಿರುವುದಿಲ್ಲ. ಬಿಸಿ ತಾಗದ ಕಡೆ, ಅಂದರೆ ಡ್ಯಾಶ್‌ಬೋರ್ಡ್ ಒಳಗೆ, ಸೀಟಿನ ಕೆಳಗೆ, ಡಿಕ್ಕಿಯ ಕಡೆ ಸಾಮಾನ್ಯವಾಗಿ ವೈರ್ ಚೆನ್ನಾಗೇ ಇರುತ್ತದೆ. ಆದ್ದರಿಂದ ಇಡೀ ಗಾಡಿಯ ವೈರಿಂಗ್ ಬದಲಾಯಿಸಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮಗೆ ಬೇಕಿರುವುದು ಎಂಜಿನ್ ಹಾರ್ನೆಸ್, ಅಂದರೆ ಎಂಜಿನ್‌ನ ವೈರ್‌ಗಳ ಕಟ್ಟು, ಮಾತ್ರ.

ನಿಮ್ಮ ಗಾಡಿಯ ಲಕ್ಷಣಗಳನ್ನೂ ಇದಕ್ಕೆ ಹೊಂದಿಸಿ ನೋಡಬಹುದು. ಕೂಲೆಂಟ್ ಟೆಂಪರೇಚರ್ ಸೆನ್ಸರ್ ಅಂದರೆ ಬಿಸಿಯಾದಷ್ಟೂ ರೆಸಿಸ್ಟನ್ಸ್ ಕಡಿಮೆಯಾಗುವ ಸಣ್ಣ ಸಾಮಾನು. 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಅದರ ಎರಡು ವೈರ್‌ಗಳ ನಡುವೆ ಇನ್ಸುಲೇಶನ್ ಉದುರಿ, ತೇವವೋ ಕೊಳೆಯೋ ಸೇರಿ ಸ್ವಲ್ಪ ಕರೆಂಟ್ ಸೋರಿದರೆ ಇಸಿಯುಗೆ ಕಾಣುವ ಓಮ್ ಕಡಿಮೆಯಾಗುತ್ತದೆ. ಬೆಳಗಿನ ಚಳಿಯಲ್ಲೂ ಎಂಜಿನ್ ಬಿಸಿಯಾಗೇ ಇದೆ ಅಂತ ಅದು ತಿಳಿದುಕೊಂಡು ಪೆಟ್ರೋಲ್ ಕಡಿಮೆ ಬಿಡುತ್ತದೆ. ನೀವು ಸೆಲ್ಫ್ ಹೊಡೆಯುತ್ತಾ ಕೂರಬೇಕು. ವೈರ್ ಪೂರ್ತಿ ತಾಗಿದರೆ ಅಥವಾ ಪೂರ್ತಿ ತುಂಡಾದರೆ ಇಸಿಯು ಅದನ್ನು ದೋಷ ಅಂತ ಗುರುತಿಸಿ ಒಂದು ಅಂದಾಜು ಲೆಕ್ಕದಲ್ಲಿ ಓಡಿಸುತ್ತದೆ. ಈ ಅರ್ಧಂಬರ್ಧ ಸೋರಿಕೆಯೇ ತಲೆನೋವು, ದೋಷ ತೋರಿಸುವ ಕೋಡ್ ಕೂಡ ಬರುವುದಿಲ್ಲ.

ಬಿಸಿಯಲ್ಲಿ ಆಫ್ ಆಗುವುದಕ್ಕೆ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ವೈರ್ ಮೇಲೆ. ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗುತ್ತಿದೆ ಅನ್ನುವ ಸಿಗ್ನಲ್ ಬಾರದಿದ್ದರೆ ಇಸಿಯು ಸ್ಪಾರ್ಕ್ ಮತ್ತು ಪೆಟ್ರೋಲ್ ಎರಡನ್ನೂ ನಿಲ್ಲಿಸುತ್ತದೆ. ಸೆನ್ಸರ್ ತಾನೇ ಹಳತಾಗಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ. ಹಾರ್ನೆಸ್ ಹಾಕುವಾಗ ಅದನ್ನೂ ಹೊಸದು ಹಾಕಿಬಿಡಿ.

ಈಗ ಇಸಿಯು ಅಪಾಯದ ವಿಷಯ. ಇಂಜೆಕ್ಟರ್‌ನ ಒಂದು ಪಿನ್‌ಗೆ ಕೀ ಆನ್ ಇರುವಾಗಲೆಲ್ಲ 12 ವೋಲ್ಟ್ ಬರುತ್ತಿರುತ್ತದೆ. ಇನ್ನೊಂದು ಪಿನ್ ಇಸಿಯುಗೆ ಹೋಗುತ್ತದೆ. ಇಸಿಯು ಒಳಗಿನ ಟ್ರಾನ್ಸಿಸ್ಟರ್ ಅದನ್ನು ಅರ್ಥ್‌ಗೆ ಎಳೆದಾಗ ಇಂಜೆಕ್ಟರ್ ತೆರೆಯುತ್ತದೆ. ಕರೆಂಟ್ ಎಷ್ಟು ಹರಿಯಬೇಕು ಅನ್ನೋದನ್ನು ಇಂಜೆಕ್ಟರ್‌ನ ಕಾಯಿಲ್ ಹಿಡಿತದಲ್ಲಿ ಇಡುತ್ತದೆ. ಈ ಎರಡು ವೈರ್ ಬರಿ ಮೈಯಲ್ಲಿ ತಾಗಿದರೆ ಕಾಯಿಲ್ ಲೆಕ್ಕಕ್ಕೇ ಇಲ್ಲ, ಬ್ಯಾಟರಿಯ ಪೂರ್ತಿ ಶಕ್ತಿ ನೇರ ಆ ಟ್ರಾನ್ಸಿಸ್ಟರ್ ಮೂಲಕ ಹರಿಯುತ್ತದೆ. ನಿಮ್ಮ ಎಂ111 ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರಿಗೆ ಎರಡು ಇಗ್ನಿಷನ್ ಕಾಯಿಲ್ ಇವೆ. ಅವುಗಳ ವೈರ್‌ಗೂ ಇದೇ ಮಾತು. ಟೇಪ್ ಸುತ್ತಿದ್ದು ಯಾಕೆ ಎರಡೇ ವಾರ ಬಂತು ಅಂತ ಈಗ ಗೊತ್ತಾಗಿರಬೇಕು. ಟೇಪ್ ಸುತ್ತಲು ವೈರ್ ಬಗ್ಗಿಸಿದಾಗಲೇ ಕಣ್ಣಿಗೆ ಕಾಣದ ಕಡೆ ಇನ್ನಷ್ಟು ಉದುರಿರುತ್ತದೆ. ಮೆಕ್ಯಾನಿಕ್ ಮೇಲೆ ಕೋಪ ಬೇಡ. ಮಾರುತಿಯಲ್ಲಾಗಿದ್ದರೆ ಅವರು ಮಾಡಿದ್ದು ಸರಿಯಾದ ರಿಪೇರಿಯೇ.

ನಿಮ್ಮ ಮುಂದಿರುವ ದಾರಿಗಳಲ್ಲಿ ಗುಜರಿಯ ದಾರಿಯನ್ನು ನಾನು ನೇರವಾಗಿ ಬೇಡ ಅಂತೀನಿ. ಬೆಂಗಳೂರಿನ ಶಿವಾಜಿನಗರದಲ್ಲಿ ಹುಡುಕಿದರೆ ಡಬ್ಲ್ಯು124 ಹಾರ್ನೆಸ್ ಸಿಕ್ಕರೂ ಸಿಗಬಹುದು. ಆದರೆ ಅದೂ ಅದೇ ವರ್ಷದ್ದು, ಅದಕ್ಕೂ ಅದೇ ಕಾಯಿಲೆ. ಬಿಚ್ಚಿ ತರುವಾಗಲೇ ಅರ್ಧ ಉದುರಿರುತ್ತದೆ. ಗುಜರಿಯಿಂದ ತರಬೇಕಾದ್ದು ಕಪ್ಲರ್‌ಗಳನ್ನು, ಅಂದರೆ ವೈರ್ ತುದಿಯ ಪ್ಲಾಸ್ಟಿಕ್ ಪ್ಲಗ್‌ಗಳನ್ನು, ಮಾತ್ರ. ಬೀಗದ ನಾಲಿಗೆ ಮುರಿಯದ ಇಂಜೆಕ್ಟರ್ ಕಪ್ಲರ್, ಸೆನ್ಸರ್ ಕಪ್ಲರ್ ಕಂಡರೆ ಕೊಂಡಿಟ್ಟುಕೊಳ್ಳಿ. ಹಳೆ ಪ್ಲಾಸ್ಟಿಕ್ ಮುಟ್ಟಿದರೆ ಮುರಿಯುತ್ತದೆ, ನಿಮ್ಮವೂ ಒಂದೆರಡು ಮುರಿದೇ ಮುರಿಯುತ್ತವೆ.

ಕಂಪನಿಯ ಹೊಸ ಹಾರ್ನೆಸ್ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಬದಲಿಗೆ ಬರುವ ಹಾರ್ನೆಸ್‌ನ ಇನ್ಸುಲೇಶನ್ ಬೇರೆ, ಆ ಕಾಯಿಲೆ ಅದಕ್ಕಿಲ್ಲ. ಆದರೆ ದುಬಾರಿ, ತರಿಸಲು ಸಮಯ ಬೇಕು. ಆರ್ಡರ್ ಮಾಡುವ ಮೊದಲು ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಖಚಿತ ಮಾಡಿಕೊಳ್ಳಿ. ಇ220 ಅಂತ ಹೇಳಿದರೆ ಸಾಲದು. ಎಡ ಸ್ಟೀರಿಂಗ್, ಬಲ ಸ್ಟೀರಿಂಗ್, ಗೇರ್‌ಬಾಕ್ಸ್ ಪ್ರಕಾರ ಉದ್ದವೂ ಕಪ್ಲರೂ ಬದಲಾಗಬಹುದು. ಹೊರದೇಶದಿಂದ ಯಾರಾದರೂ ತಂದುಕೊಡುತ್ತಾರೆ ಅಂತ ಖುಷಿಯಲ್ಲಿ ತರಿಸಿ, ಒಂದಡಿ ಗಿಡ್ಡವಾಗಿ ಬಂದ ಹಾರ್ನೆಸ್ ನೋಡಿದ್ದೇನೆ. ಬಂದ ಪೊಟ್ಟಣದಲ್ಲಿ ತಯಾರಾದ ದಿನಾಂಕದ ಚೀಟಿ ಹುಡುಕಿ. 1990ರ ದಶಕದ ನಡುವಿನ ಹಳೆ ಸ್ಟಾಕ್ ಆಗಿದ್ದರೆ, ಪೊಟ್ಟಣ ಎಷ್ಟೇ ಹೊಸದಾಗಿ ಕಂಡರೂ ವಾಪಸ್ ಕಳಿಸಿ.

ಮೂರನೆಯದು, ನಿಮ್ಮ ಹಳೆ ಕಪ್ಲರ್‌ಗಳನ್ನೇ ಇಟ್ಟುಕೊಂಡು ವೈರ್ ಮಾತ್ರ ಹೊಸದಾಗಿ ಎಳೆಯೋದು. ಇದನ್ನು ಮಾಡಿಕೊಡುವ ಆಟೊ ಎಲೆಕ್ಟ್ರಿಷಿಯನ್‌ಗಳು ಇದ್ದಾರೆ, ನೀವೂ ಮಾಡಬಹುದು. ಹೊಸ ಹಾರ್ನೆಸ್ ಕೂರಿಸೋದು ತಾಳ್ಮೆ ಇರುವವರಿಗೆ ಒಂದು ವಾರಾಂತ್ಯದ ಕೆಲಸ. ಹಾರ್ನೆಸ್ ಮಾಡೋದು ಹಲವು ವಾರಾಂತ್ಯಗಳ ಕೆಲಸ. ನಡುವೆ ಗಾಡಿ ನಿಂತೇ ಇರಬೇಕು. ದಿನಾ ಆಫೀಸಿಗೆ ಇದೇ ಗಾಡಿ ಬೇಕು ಅನ್ನೋರು ಈ ದಾರಿ ಹಿಡಿಯಬಾರದು.

ನೀವು ಮಾಡುವುದಾದರೆ ವೈರ್ ಆಯ್ಕೆಯಲ್ಲಿ ಕಂಜೂಸಿ ಬೇಡ. ಮನೆ ವೈರಿಂಗಿನ ಪಿವಿಸಿ ವೈರ್ 70 ಡಿಗ್ರಿ ತಡೆಯಲು ಮಾಡಿದ್ದು, ಎಳೆಗಳೂ ದಪ್ಪ, ಎಂಜಿನ್ ನಡುಕಕ್ಕೆ ತುಂಡಾಗುತ್ತದೆ. ಎಫ್‌ಎಲ್‌ಆರ್‌ವೈ ಅಂತ ಬರೆದಿರುವ ಆಟೊಮೊಟಿವ್ ವೈರ್ 105 ಡಿಗ್ರಿವರೆಗೆ ಸರಿ. ಎಂಜಿನ್ ಮೇಲೆ ಹಾಯುವ ಭಾಗಕ್ಕೆ ಎಫ್‌ಎಲ್‌ಆರ್2ಎಕ್ಸ್ ಸಿಕ್ಕರೆ ಇನ್ನೂ ಒಳ್ಳೆಯದು, ಅದು 125 ಡಿಗ್ರಿ ತಡೆಯುತ್ತದೆ. ಸಿಲಿಕೋನ್ ವೈರ್ ಇನ್ನೂ ಜಾಸ್ತಿ ಬಿಸಿ ತಡೆದರೂ ಅದರ ಮೈ ತುಂಬಾ ಮೆತ್ತಗೆ. ಬ್ರಾಕೆಟ್ ಅಂಚಿಗೆ ಉಜ್ಜಿದರೆ ಹರಿದುಹೋಗುತ್ತದೆ, ಆದ್ದರಿಂದ ನಾನು ಹಾಕುವುದಿಲ್ಲ. ಸೆನ್ಸರ್ ಮತ್ತು ಇಂಜೆಕ್ಟರ್‌ಗಳಿಗೆ 0.75 ಚದರ ಮಿಲಿಮೀಟರ್ ಸಾಕು, ಕಾಯಿಲ್‌ಗಳಿಗೆ 1.5. ಸಂಶಯ ಬಂದ ಕಡೆ ಹಳೆ ವೈರಿನ ತಾಮ್ರ ಅಳೆದು ಅಷ್ಟೇ ದಪ್ಪದ್ದು ಅಥವಾ ಒಂದು ಮೆಟ್ಟಿಲು ಜಾಸ್ತಿ ಹಾಕಿ, ಕಡಿಮೆ ಮಾತ್ರ ಬೇಡ. ಕ್ರ್ಯಾಂಕ್ ಸೆನ್ಸರ್ ಮತ್ತು ನಾಕ್ ಸೆನ್ಸರ್ (ಎಂಜಿನ್ ಒಳಗಿನ ಬಡಿತ ಗುರುತಿಸುವುದು) ವೈರ್‌ಗೆ ಸುತ್ತಲೂ ಲೋಹದ ಜಾಲರಿ ಇರುತ್ತದೆ. ಅಲ್ಲಿ ಜಾಲರಿ ಇರುವ ಕೇಬಲನ್ನೇ ಹಾಕಬೇಕು. ಆ ಜಾಲರಿ ಒಂದು ತುದಿಯಲ್ಲಿ ಮಾತ್ರ, ಮೊದಲು ಎಲ್ಲಿತ್ತೋ ಅಲ್ಲೇ, ಅರ್ಥ್ ಆಗಬೇಕು. ಸಾದಾ ವೈರ್ ಹಾಕಿದರೆ ಇಗ್ನಿಷನ್‌ನ ಗದ್ದಲ ಅದರೊಳಗೆ ನುಗ್ಗಿ ಎಂಜಿನ್ ಕಾರಣವೇ ಇಲ್ಲದೆ ಮಿಸ್ ಹೊಡೆಯುತ್ತದೆ.

ಬಣ್ಣದ ವಿಷಯದಲ್ಲಿ ಎಚ್ಚರ. ನಮ್ಮ ಎಲೆಕ್ಟ್ರಿಷಿಯನ್‌ಗಳ ಕೈ ಮಾರುತಿಗೆ ಪಳಗಿದೆ, ಅಲ್ಲಿ ಕಪ್ಪು ಅಂದರೆ ಅರ್ಥ್. ಜರ್ಮನ್ ಗಾಡಿಯಲ್ಲಿ ಅರ್ಥ್ ಕಂದು ಬಣ್ಣ, ಕಪ್ಪಿನಲ್ಲಿ ಕರೆಂಟ್ ಇರಬಹುದು. ಸರ್ಕ್ಯೂಟ್ ನಕ್ಷೆಯಲ್ಲಿ ಬರುವ ಅಂಕಿಗಳನ್ನೂ ನೆನಪಿಡಿ: 30 ಅಂದರೆ ಬ್ಯಾಟರಿಯಿಂದ ನೇರ, 15 ಅಂದರೆ ಕೀ ತಿರುಗಿಸಿದಾಗ ಬರುವುದು, 31 ಅರ್ಥ್, 50 ಸ್ಟಾರ್ಟರ್. ನಕ್ಷೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಳೆ ವೈರ್‌ಗಳ ಬಣ್ಣ ಉದುರಿಹೋಗಿರುತ್ತದೆ, ಯಾವುದು ಯಾವುದು ಅಂತ ಕಣ್ಣಲ್ಲಿ ಗೊತ್ತಾಗುವುದಿಲ್ಲ.

ಬಿಚ್ಚುವ ಮೊದಲು ರೇಡಿಯೊ ಕೋಡ್ ಇದೆಯಾ ನೋಡಿಕೊಳ್ಳಿ, ಬ್ಯಾಟರಿ ಬಿಚ್ಚಿದ ಮೇಲೆ ರೇಡಿಯೊ ಅದನ್ನು ಕೇಳಬಹುದು. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕೆಲಸ ಶುರು ಮಾಡಿ. ಪ್ರತಿ ಕಪ್ಲರ್‌ನ ಫೋಟೊ ಎರಡು ಕೋನದಿಂದ ತೆಗೆಯಿರಿ. ಕಪ್ಲರ್‌ಗೂ ಅದು ಕೂರುವ ಸೆನ್ಸರ್‌ಗೂ ಒಂದೇ ನಂಬರಿನ ಚೀಟಿ ಅಂಟಿಸಿ. ಒಂದೇ ತರಹದ ಎರಡು ಪಿನ್ ಕಪ್ಲರ್‌ಗಳು ಅಕ್ಕಪಕ್ಕದಲ್ಲೇ ಇರುತ್ತವೆ, ಅದಲು ಬದಲಾದರೂ ಸಲೀಸಾಗಿ ಕೂರುತ್ತವೆ. ಹಳೆ ಕಪ್ಲರ್ ಎಳೆಯುವಾಗ ವೈರ್ ಹಿಡಿದು ಎಳೆಯಬೇಡಿ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಬೀಗ ಒತ್ತಿ, ಕಪ್ಲರ್ ಮೈಯನ್ನೇ ಹಿಡಿದು ಎಳೆಯಿರಿ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಕೈ ಹೋಗದ ಕಡೆ ಹಾರ್ನೆಸ್ ಹೇಗೆ ಹಾಯ್ದಿದೆ ಅಂತ ಕನ್ನಡಿ ಹಿಡಿದು ನೋಡಿ ಬರೆದಿಟ್ಟುಕೊಳ್ಳಿ. ಹೊಸದು ಅದೇ ದಾರಿಯಲ್ಲೇ ಹೋಗಬೇಕು.

ಹಳೆ ಹಾರ್ನೆಸ್ ಹೊರಗೆ ಬಂದ ಮೇಲೆ ಅದನ್ನು ಒಂದು ಪ್ಲೈವುಡ್ ಹಲಗೆ ಮೇಲೆ ಗಾಡಿಯಲ್ಲಿ ಇದ್ದ ಆಕಾರದಲ್ಲೇ ಹರಡಿ, ಕವಲು ಒಡೆಯುವ ಪ್ರತಿ ಜಾಗದಲ್ಲಿ ಮೊಳೆ ಹೊಡೆಯಿರಿ. ಉದ್ದಗಳನ್ನು ಹಲಗೆ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಹಳೆ ಕವಚ ಬಿಚ್ಚುತ್ತಾ ಹೋದರೆ ನಡುವೆ ನಾಲ್ಕಾರು ವೈರ್ ಒಂದೇ ಗಂಟಿಗೆ ಸೇರಿರುವ ಜಾಗಗಳು ಸಿಗುತ್ತವೆ. ಇಂಜೆಕ್ಟರ್‌ಗಳ 12 ವೋಲ್ಟ್, ಸೆನ್ಸರ್‌ಗಳ ಅರ್ಥ್ ಹೀಗೆ ಹಂಚಿಕೆಯಾಗುವುದು. ಹೊರಗಿನಿಂದ ಇವು ಕಾಣುವುದೇ ಇಲ್ಲ. ಮನೆಯಲ್ಲಿ ಮಾಡಿದ ಹಾರ್ನೆಸ್ ಕೆಲಸ ಮಾಡಲಿಲ್ಲ ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ಹುಡುಕುವುದು ಬಿಟ್ಟುಹೋದ ಇಂಥ ಗಂಟನ್ನೇ. ಸೆನ್ಸರ್ ಅರ್ಥನ್ನು ಎಂಜಿನ್ ಬಾಡಿಗೆ ಹಾಕಿಬಿಡೋಣ, ಎಲ್ಲ ಅರ್ಥೂ ಒಂದೇ ತಾನೇ ಅನ್ನಿಸುತ್ತದೆ. ಒಂದೇ ಅಲ್ಲ. ಸ್ಟಾರ್ಟರ್ ಎಳೆಯುವಾಗ ಎಂಜಿನ್ ಬಾಡಿಯ ಅರ್ಥ್ ಕೆಲವು ಹತ್ತನೇ ವೋಲ್ಟ್ ಮೇಲೇಳುತ್ತದೆ, ಸೆನ್ಸರ್ ಲೆಕ್ಕ ತಪ್ಪುತ್ತದೆ.

ಪಿನ್‌ಗಳಿಗೆ ಸೋಲ್ಡರ್ ಬೇಡ, ಪಿನ್ನನ್ನು ವೈರ್ ಮೇಲೆ ಒತ್ತಿ ಹಿಡಿಸುವ ಸರಿಯಾದ ಕ್ರಿಂಪಿಂಗ್ ಟೂಲ್ ಕೊಳ್ಳಿ. ಸೋಲ್ಡರ್ ವೈರಿನ ಎಳೆಗಳೊಳಗೆ ಹೀರಿಕೊಂಡು ಒಂದು ಗಟ್ಟಿ ಕಡ್ಡಿ ಆಗುತ್ತದೆ. ಅದು ಮುಗಿಯುವ ಜಾಗದಲ್ಲೇ ನಡುಕಕ್ಕೆ ವೈರ್ ತುಂಡಾಗುತ್ತದೆ. ಕ್ರಿಂಪ್ ಆದಮೇಲೆ ಪ್ರತಿ ಪಿನ್ನನ್ನು ಕೈಯಲ್ಲಿ ಎಳೆದು ನೋಡಿ. ಗಂಟುಗಳು ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಮಾಡಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಮೇಲೆ ಸುತ್ತಲು ಎಂಜಿನ್ ಬಿಸಿಗೆ ಮಾಡಿದ ಬಟ್ಟೆ ಟೇಪ್ ಸಿಗುತ್ತದೆ. ಕರಿ ಇನ್ಸುಲೇಶನ್ ಟೇಪ್ ಒಂದೇ ಬೇಸಿಗೆಯಲ್ಲಿ ಜಿಗುಟಾಗಿ ಜಾರುತ್ತದೆ.

ಇಷ್ಟೆಲ್ಲ ಮಾಡಿ ಎಷ್ಟೋ ಜನ ಮರೆಯುವ ಒಂದು ಭಾಗ ಇದೆ: ಥ್ರಾಟಲ್ ಆಕ್ಚುಯೇಟರ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲನ್ನು ತಿರುಗಿಸುವ ಮೋಟರ್. ಅದರಿಂದ ಹೊರಗೆ ಬರುವ ಗಿಡ್ಡ ವೈರ್ ಮತ್ತು ಒಳಗಿನ ವೈರ್ ಅದೇ ಕಾಲದ್ದು, ಅದೂ ಪುಡಿಯಾಗಿರುತ್ತದೆ. ಹೊಸ ಹಾರ್ನೆಸ್‌ಗೆ ಹಳೆ ಆಕ್ಚುಯೇಟರ್ ಸಿಕ್ಕಿಸಿದರೆ ಐಡ್ಲಿಂಗ್ ಕುಣಿತ ನಿಲ್ಲುವುದಿಲ್ಲ, ಇಸಿಯುಗೂ ಅಪಾಯ ಹಾಗೇ ಉಳಿಯುತ್ತದೆ. ಇದನ್ನು ಬಿಚ್ಚಿ ವೈರ್ ಬದಲಾಯಿಸಬಹುದು, ಆದರೆ ಒಳಗೆ ಸೂಕ್ಷ್ಮ ಕೆಲಸ. ಇದೊಂದನ್ನು ಅನುಭವ ಇರುವ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಕೊಡಿ. ಕೆಳಗಿನ ಹಾರ್ನೆಸ್, ಅಂದರೆ ಆಲ್ಟರ್ನೇಟರ್ ಮತ್ತು ಸ್ಟಾರ್ಟರ್‌ಗೆ ಹೋಗುವುದನ್ನೂ ನೋಡಿ. ಸ್ಟಾರ್ಟರ್‌ನ ದಪ್ಪ ಕೇಬಲ್‌ಗೆ ಫ್ಯೂಸ್ ಇರುವುದಿಲ್ಲ. ಅದು ಬಾಡಿಗೆ ತಾಗಿದರೆ ಇಸಿಯು ಅಲ್ಲ, ಗಾಡಿಯೇ ಹತ್ತಿಕೊಳ್ಳಬಹುದು.

ಜೋಡಿಸಿದ ತಕ್ಷಣ ಕೀ ತಿರುಗಿಸುವ ಆಸೆ ಬರುತ್ತದೆ, ಸ್ವಲ್ಪ ತಡೆಯಿರಿ. ಮೊದಲ ಪರೀಕ್ಷೆ ಹಾರ್ನೆಸ್ ಇನ್ನೂ ಹಲಗೆ ಮೇಲಿರುವಾಗ. ಎರಡೂ ತುದಿ ಬಿಚ್ಚಿರುವಾಗ ಅಕ್ಕಪಕ್ಕದ ಯಾವ ಎರಡು ವೈರ್ ನಡುವೆಯೂ ಮೀಟರ್ ಏನೂ ತೋರಿಸಬಾರದು, ಗಂಟಿನಲ್ಲಿ ಸೇರಿದವನ್ನು ಬಿಟ್ಟು. ಆಮೇಲೆ ಪ್ರತಿ ವೈರ್ ಮೂಲಕ ಬ್ಯಾಟರಿಯಿಂದ ಒಂದು 5 ವ್ಯಾಟ್ ಪಾರ್ಕ್ ಲೈಟ್ ಬಲ್ಬ್ ಉರಿಸಿ ನೋಡಿ. ಒಂದೇ ಎಳೆ ಹಿಡಿದುಕೊಂಡಿರುವ ಕ್ರಿಂಪ್ ಕೂಡ ಮೀಟರ್‌ನಲ್ಲಿ ಬೀಪ್ ಅನ್ನುತ್ತದೆ, ಆದರೆ ಬಲ್ಬ್ ಹಾಕಿ ವೈರ್ ಅಲುಗಾಡಿಸಿದಾಗ ಮಿಣುಕಿ ಸಿಕ್ಕಿಬೀಳುತ್ತದೆ. ಈ ಬಲ್ಬ್ ಪರೀಕ್ಷೆ ಹಲಗೆ ಮೇಲೆ ಮಾತ್ರ. ಇಸಿಯು ಜೋಡಿಸಿದ ಮೇಲೆ ಅದರ ವೈರ್‌ಗಳಿಗೆ ಟೆಸ್ಟ್ ಲ್ಯಾಂಪ್ ತಾಗಿಸಬೇಡಿ.

ಗಾಡಿಗೆ ಕೂರಿಸಿದ ಮೇಲೆ ಇಸಿಯು ಕಪ್ಲರ್ ಬಿಟ್ಟು ಉಳಿದದ್ದೆಲ್ಲ ಜೋಡಿಸಿ. ಹಾರ್ನೆಸ್‌ಗೆ ಕರೆಂಟ್ ಬರುವ ಫ್ಯೂಸ್ ಜಾಗದಲ್ಲಿ ಒಂದು 21 ವ್ಯಾಟ್ ಬಲ್ಬ್ ಸೇರಿಸಿ ಕೀ ಆನ್ ಮಾಡಿ. ಬಲ್ಬ್ ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ, ಮುಂದೆ ಹೋಗಬೇಡಿ. ಬೆಳಗದಿದ್ದರೆ ನಕ್ಷೆ ಹಿಡಿದು ಇಸಿಯು ಕಪ್ಲರ್‌ನ ಒಂದೊಂದೇ ಪಿನ್ನಿನಲ್ಲಿ ವೋಲ್ಟ್ ನೋಡಿ. 12 ಬರಬೇಕಾದ ಕಡೆ 12, ಅರ್ಥ್ ಕಡೆ ಸೊನ್ನೆ, ಸೆನ್ಸರ್ ಪಿನ್‌ಗಳಲ್ಲಿ ಎಲ್ಲೂ 12 ಇರಬಾರದು. ಇಂಜೆಕ್ಟರ್ ಮತ್ತು ಕಾಯಿಲ್ ಪಿನ್‌ಗಳಲ್ಲಿ ಅವುಗಳ ಮೂಲಕ ಹಾಯ್ದು ಬರುವ 12 ಕಾಣುತ್ತದೆ, ಅದು ಸರಿ. ಎಲ್ಲ ಹೊಂದಿದ ಮೇಲೆ ಕೀ ಆಫ್, ಬ್ಯಾಟರಿ ಬಿಚ್ಚಿ, ಬಲ್ಬ್ ತೆಗೆದು ಫ್ಯೂಸ್ ಹಾಕಿ, ಇಸಿಯು ಜೋಡಿಸಿ. ಸ್ಟಾರ್ಟ್ ಮಾಡುವಾಗ ಪಕ್ಕದಲ್ಲಿ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ಪೆಟ್ರೋಲ್ ರೇಲ್, ಅಲ್ಲೇ ಪಕ್ಕದಲ್ಲಿದೆ.

ನಿಮ್ಮ ಮಟ್ಟದ ಅಭ್ಯಾಸ ಇರುವವರಿಗೆ ನನ್ನ ಸಲಹೆ ಹೀಗಿದೆ: ಹೊಸ ಹಾರ್ನೆಸ್ ಸಿಕ್ಕರೆ ಮನೆಯಲ್ಲೇ ಕೂರಿಸಿ, ನಿಮ್ಮಿಂದ ಆಗುತ್ತದೆ. ಸಿಗದಿದ್ದರೆ ಬಿಚ್ಚುವ, ಚೀಟಿ ಅಂಟಿಸುವ, ಹಲಗೆ ಮೇಲೆ ಹರಡುವ ಕೆಲಸ ನೀವು ಮಾಡಿ, ಕ್ರಿಂಪ್ ಮತ್ತು ಗಂಟಿನ ಕೆಲಸ ಒಳ್ಳೆ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಕೂತು ಮಾಡಿಸಿ. ಜಾಸ್ತಿ ಹಣ ಹೋಗುವುದು ಗುರುತಿಸುವ, ಬಿಚ್ಚುವ ಹೊತ್ತಿಗೆ, ಅದನ್ನು ನೀವೇ ಉಳಿಸಬಹುದು.

ಅಲ್ಲಿವರೆಗೆ ಗಾಡಿ ಓಡಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಸ್ಟಾರ್ಟ್ ಆಗುತ್ತಾ ನೋಡೋಣ ಅಂತ ದಿನಾ ಸೆಲ್ಫ್ ಹೊಡೆಯುವುದೂ ಬೇಡ, ಪ್ರತಿ ಸಲವೂ ಇಸಿಯು ಅಪಾಯಕ್ಕೆ ಒಡ್ಡಿದಂತೆ. ನಿಲ್ಲಿಸಿದ ಕಡೆಯೇ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಗ್ಯಾರೇಜಿಗೆ ಒಯ್ಯಬೇಕಾದರೆ ಗಾಡಿಯನ್ನು ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿ. ಹಾಗೇ ನಿಲ್ಲಿಸಿರುವ ದಿನಗಳಲ್ಲಿ ಬಾನೆಟ್ ಒಳಗೆ ಆಗಾಗ ಒಂದು ಕಣ್ಣು ಹಾಯಿಸುತ್ತಿರಿ. ನಿಂತ ಗಾಡಿಗೆ ಇಲಿ ನಿಜವಾಗಲೂ ಬರುತ್ತದೆ.